ತಿಂಗಳಿಗೆ 9,192 ರೂಪಾಯಿಯ ಚೀಟಿ: ಸಕಲೇಶಪುರದ ಒಂದು ಮನೆಯ ಔಷಧ ಖರ್ಚಿನ ಪ್ರಕರಣ

ಸಕಲೇಶಪುರ ತಾಲ್ಲೂಕಿನ ಕಾಫಿ ಎಸ್ಟೇಟೊಂದರಲ್ಲಿ ರೈಟರ್ (ಲೆಕ್ಕಪತ್ರ ಬರೆಯುವ ಗುಮಾಸ್ತ) ಆಗಿ ದುಡಿದು ನಿವೃತ್ತರಾದವರು, ವಯಸ್ಸು 63. ಹನ್ನೆರಡು ವರ್ಷದಿಂದ ಶುಗರ್ ಇದೆ. 2024ರ ಸೆಪ್ಟೆಂಬರಿನಲ್ಲಿ ಹೃದಯಾಘಾತವಾಗಿ ಮೈಸೂರಿನಲ್ಲಿ ಎರಡು ಸ್ಟೆಂಟ್ (ಹೃದಯದ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ) ಹಾಕಿಸಿಕೊಂಡರು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಆಸ್ಪತ್ರೆಗೆ ಕೈಯಿಂದ ಹಣ ಕಟ್ಟಬೇಕಾಗಲಿಲ್ಲ. ಈ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಭರಿಸುತ್ತದೆ. ಆದರೆ ಅದು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಯ ಲೆಕ್ಕ. ಬಿಡುಗಡೆಯ ನಂತರದ ಕೆಲವು ದಿನಗಳ ಮಾತ್ರೆ ಅದರಲ್ಲೇ ಬರುತ್ತದೆ. ಅಲ್ಲಿಂದಾಚೆಗೆ ವರ್ಷಗಟ್ಟಲೆ ನುಂಗಬೇಕಾದದ್ದು ಮನೆಯವರ ಪಾಲು.

ಮನೆಯ ಆದಾಯ: ಪಿಎಫ್ ಪಿಂಚಣಿ 2,800 ರೂ., ಹಾಸನದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಮಗಳ ಸಂಬಳ 14,500 ರೂ. ಒಟ್ಟು 17,300. ಔಷಧದ ಬಿಲ್ 9,192. ಅಂದರೆ ಮನೆಗೆ ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಡಿಕಲ್ ಅಂಗಡಿಗೆ ಹೋಗುತ್ತಿತ್ತು.

ಇಲ್ಲಿನ ಮನೆ, ಚೀಟಿ, ಬೆಲೆಗಳನ್ನು ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳಿಂದ ಕಟ್ಟಿದೆ. ಯಾವುದೇ ಒಬ್ಬರ ಖಾಸಗಿ ದಾಖಲೆಯಲ್ಲ. ಮಾತ್ರೆಯ ದರಗಳನ್ನು ಲೆಕ್ಕಕ್ಕೆ ಅನುಕೂಲವಾಗಲೆಂದು ಪೂರ್ಣ ರೂಪಾಯಿಗೆ ತಂದಿದೆ. ನಿಮ್ಮ ಬಿಲ್ಲಿನ ಅಂಕಿ ಬೇರೆ ಇರುತ್ತದೆ, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಮೊದಲು ಮಾಡಿದ ಉಳಿತಾಯ

ಹಣ ಸಾಲದಾದಾಗ ರೈಟರು ತಾವೇ ಒಂದು ದಾರಿ ಹುಡುಕಿಕೊಂಡಿದ್ದರು. ದಿನಕ್ಕೆ ಎರಡು ಬಾರಿಯ ಮಾತ್ರೆಗಳನ್ನು ಒಂದೇ ಬಾರಿಗೆ ಇಳಿಸಿದ್ದರು. ಒಂದು ತಿಂಗಳ ಮಾತ್ರೆ ಎರಡು ತಿಂಗಳು ಬರುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆ ಎನ್ನತೊಡಗಿದಾಗ ಮಗಳು ಸ್ಟ್ರಿಪ್‌ಗಳನ್ನು ಎಣಿಸಿದಳು. ಆಗ ವಿಷಯ ಹೊರಬಂತು.

ಎಲ್ಲಕ್ಕಿಂತ ಅಪಾಯದ ಉಳಿತಾಯ ಇದೇ, ಎಲ್ಲಕ್ಕಿಂತ ಸಾಮಾನ್ಯವಾದದ್ದೂ ಇದೇ. ಟಿಕಾಗ್ರೆಲಾರ್ ಎಂಬ ರಕ್ತ ತೆಳುವಾಗಿಸುವ ಮಾತ್ರೆ ರಕ್ತದ ಪ್ಲೇಟ್‌ಲೆಟ್ ಕಣಗಳನ್ನು ಹಿಡಿದು, ಕೆಲವು ಗಂಟೆಗಳ ಮೇಲೆ ಬಿಟ್ಟುಬಿಡುತ್ತದೆ. ಅದಕ್ಕೇ ಅದನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಕೊಡುವುದು. ರಾತ್ರಿಯದ್ದನ್ನು ಬಿಟ್ಟರೆ ಮರುದಿನ ಬೆಳಿಗ್ಗೆವರೆಗೆ ಸ್ಟೆಂಟಿಗೆ ಬೇಕಾದಷ್ಟು ಕಾವಲು ಇರುವುದಿಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಮತ್ತೆ ಹೃದಯಾಘಾತ. ಹೃದಯದ ಪಂಪ್ ಶಕ್ತಿ ಕುಂದಿದವರಿಗೆ ಕೊಡುವ ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್ ಕೂಡ ಎರಡು ಹೊತ್ತಿನದು. ಕಾಲಿನ ಊತ, ಉಸಿರುಕಟ್ಟು ಬಂದದ್ದು ಅದನ್ನು ಅರ್ಧ ಮಾಡಿದ ಮೇಲೆ.

ಮಾತ್ರೆ ಬದಲಿಸುವ ಮಾತೆತ್ತಿದರೂ ರೈಟರು ಒಪ್ಪುತ್ತಿರಲಿಲ್ಲ. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿದ್ದಾಗ ಹುಟ್ಟಿದ ಭಯ ಅದು. “ದೊಡ್ಡ ಡಾಕ್ಟ್ರು ಬರೆದದ್ದು, ಅದನ್ನ ಮುಟ್ಟಬೇಡಿ” ಎನ್ನುತ್ತಿದ್ದರು. ಬರೆದದ್ದನ್ನು ಮುಟ್ಟಬಾರದು ಎನ್ನುತ್ತಲೇ ಅರ್ಧಕ್ಕೆ ಇಳಿಸಿದ್ದರು. ಭಯ, ಬಡತನ ಎರಡೂ ಸೇರಿದರೆ ಹೀಗೇ ಆಗುತ್ತದೆ. ಅವರನ್ನು ದೂರಿ ಫಲವಿಲ್ಲ.

ಹಳೆಯ ಚೀಟಿ, ಮಾತ್ರೆಯಿಂದ ಮಾತ್ರೆಗೆ

30 ದಿನದ ಲೆಕ್ಕ ಹೀಗಿತ್ತು:

ಆಸ್ಪಿರಿನ್ 75 ಮಿ.ಗ್ರಾಂ (ಇದೂ ರಕ್ತ ತೆಳುವಾಗಿಸುವುದು), ದಿನಕ್ಕೆ 1: 12 ರೂ.
ಟಿಕಾಗ್ರೆಲಾರ್ 90, ದಿನಕ್ಕೆ 2, ಮಾತ್ರೆಗೆ 28 ರೂ.: 1,680
ರೋಸುವಾಸ್ಟಾಟಿನ್ 20 (ಕೊಬ್ಬು ಇಳಿಸುವ ಸ್ಟಾಟಿನ್ ಗುಂಪಿನದು), ದಿನಕ್ಕೆ 1, ಮಾತ್ರೆಗೆ 32: 960
ಮೆಟೊಪ್ರೊಲಾಲ್ ಸಕ್ಸಿನೇಟ್ ಇಆರ್ 50 (ಹೃದಯ ಬಡಿತ ನಿಧಾನಿಸುವುದು), ದಿನಕ್ಕೆ 1, ಮಾತ್ರೆಗೆ 8: 240
ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್ 50, ದಿನಕ್ಕೆ 2, ಮಾತ್ರೆಗೆ 42: 2,520
ಎಂಪಾಗ್ಲಿಫ್ಲೋಜಿನ್ 10 (ಶುಗರಿಗೆ, ಹೃದಯಕ್ಕೆ), ದಿನಕ್ಕೆ 1, ಮಾತ್ರೆಗೆ 58: 1,740
ಸಿಟಾಗ್ಲಿಪ್ಟಿನ್–ಮೆಟ್‌ಫಾರ್ಮಿನ್ 50/500 (ಶುಗರಿಗೆ), ದಿನಕ್ಕೆ 2, ಮಾತ್ರೆಗೆ 20: 1,200
ಪ್ಯಾಂಟೊಪ್ರಜೋಲ್–ಡಾಮ್‌ಪೆರಿಡೋನ್ (ಗ್ಯಾಸ್ ಮಾತ್ರೆ), ದಿನಕ್ಕೆ 1, ಮಾತ್ರೆಗೆ 13: 390
ಮಲ್ಟಿವಿಟಮಿನ್, ದಿನಕ್ಕೆ 1, ಮಾತ್ರೆಗೆ 15: 450

ಈ ಬಿಲ್ ಹಿಡಿದು ಮನೆಯವರು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಹೆಚ್ಚು ಡಿಸ್ಕೌಂಟ್ ಕೊಡುವ ಅಂಗಡಿ ಹುಡುಕಿದ್ದು. ಸಕಲೇಶಪುರದಲ್ಲಿ 10 ಪರ್ಸೆಂಟ್, ಹಾಸನದಲ್ಲಿ 15, ಆನ್‌ಲೈನಿನಲ್ಲಿ 20. ಅಲ್ಲಿಗೆ ನಿಂತಿತು. ಅದಕ್ಕಿಂತ ಕೆಳಗೆ ಇಳಿಯದಿರಲು ಕಾರಣವಿದೆ. ಹೆಸರಾಂತ ಬ್ರ್ಯಾಂಡಿನ ಮಾತ್ರೆಯಲ್ಲಿ ಚಿಲ್ಲರೆ ಅಂಗಡಿಯವನ ಪಾಲು ಸಾಮಾನ್ಯವಾಗಿ 20 ಪರ್ಸೆಂಟ್, ಬೆಲೆ ನಿಯಂತ್ರಣದಲ್ಲಿರುವ ಮಾತ್ರೆಯಾದರೆ 16. ಅಂಗಡಿಯಾತ ತನ್ನ ಪಾಲನ್ನೆಲ್ಲ ಬಿಟ್ಟುಕೊಟ್ಟರೂ 9,192 ರೂಪಾಯಿ 7,300ರ ಆಸುಪಾಸಿಗೆ ಬಂದೀತು ಅಷ್ಟೆ. ದೊಡ್ಡ ಹಣ ಕಂಪನಿಯ ದರದಲ್ಲಿದೆ, ಚೀಟಿಯಲ್ಲಿ ಆ ಮಾತ್ರೆ ಇರುವುದರಲ್ಲಿದೆ. ಹಾಗಾಗಿ ವಿಚಾರಿಸಬೇಕಾದ ಕ್ರಮ ತಿರುವುಮುರುವಾಗಬೇಕು: ಈ ಮಾತ್ರೆ ಇನ್ನೂ ಬೇಕೇ ಎಂಬುದು ಮೊದಲು, ಅದರ ಮೂಲ ಔಷಧದ ಹೆಸರೇನು ಎಂಬುದು ಎರಡನೆಯದು, ಎಲ್ಲಿ ಕೊಳ್ಳುವುದು ಎಂಬುದು ಕೊನೆಗೆ.

ಹಣ ಸೋರುತ್ತಿದ್ದ ಜಾಗಗಳು

ಟಿಕಾಗ್ರೆಲಾರ್. ಹೃದಯಾಘಾತವಾಗಿ ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಜೊತೆ ಇದನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ಆಮೇಲೆ ನಿಲ್ಲಿಸುವುದೋ, ಅದೇ ಬಗೆಯ ಕ್ಲೊಪಿಡೊಗ್ರೆಲ್‌ಗೆ ಬದಲಿಸುವುದೋ, ಇನ್ನಷ್ಟು ದಿನ ಮುಂದುವರಿಸುವುದೋ ಎಂದು ಹೃದ್ರೋಗ ತಜ್ಞರು ನೋಡಿ ಹೇಳಬೇಕು. ರೈಟರಿಗೆ ಹದಿನೈದನೆಯ ತಿಂಗಳು ನಡೆಯುತ್ತಿತ್ತು. ಬಿಡುಗಡೆಯ ದಿನ ಬರೆದ ಚೀಟಿಯನ್ನೇ ಅಂಗಡಿಗೆ ಕೊಟ್ಟು ಮಾತ್ರೆ ತರುತ್ತಿದ್ದರು. ವರ್ಷದ ಭೇಟಿಗೆ ಮೈಸೂರಿಗೆ ಹೋಗಿರಲೇ ಇಲ್ಲ. ಅಂಗಡಿಯವರು ಕೇಳುವುದಿಲ್ಲ, ಚೀಟಿಯ ಮೇಲೆ ಎಷ್ಟು ದಿನ ಎಂದು ಬರೆದಿರುವುದಿಲ್ಲ, ಮಾತ್ರೆ ನಡೆಯುತ್ತಲೇ ಇರುತ್ತದೆ. ಹಾಗೆಂದು 12 ತಿಂಗಳು ಆಯಿತೆಂದು ತಾವೇ ನಿಲ್ಲಿಸಲೇಬಾರದು. ಎರಡು ಸ್ಟೆಂಟ್ ಇರುವ, ಶುಗರ್ ಇರುವ ಮನುಷ್ಯನಿಗೆ ಆ ನಿರ್ಧಾರ ತಜ್ಞರದ್ದೇ.

ಎಂಪಾಗ್ಲಿಫ್ಲೋಜಿನ್. ಇದರ ಪೇಟೆಂಟ್ (ಕಂಡುಹಿಡಿದ ಕಂಪನಿಗೆ ಮಾತ್ರ ಇರುವ ತಯಾರಿಕೆಯ ಹಕ್ಕು) ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಮುಗಿಯಿತು. ಆವರೆಗೆ 60 ರೂಪಾಯಿ ಆಸುಪಾಸಿನಲ್ಲಿದ್ದ ಮಾತ್ರೆಯನ್ನು ಹಲವಾರು ಭಾರತೀಯ ಕಂಪನಿಗಳು ಮಾಡತೊಡಗಿ, 10 ರೂಪಾಯಿಗಿಂತ ಕಡಿಮೆಗೂ ಸಿಗುವಂತಾಯಿತು. ಚೀಟಿ ಮಾತ್ರ 2024ರದ್ದು, ಅದರಲ್ಲಿ ಬರೆದ ಹೆಸರು ಹಳೆಯ ಕಂಪನಿಯದ್ದು. ಸಿಟಾಗ್ಲಿಪ್ಟಿನ್ ಪೇಟೆಂಟ್ 2022ರ ಜುಲೈನಲ್ಲಿ, ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್‌ನ ಮುಖ್ಯ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದಿವೆ. ಒಂದು ಔಷಧಕ್ಕೆ ಪೇಟೆಂಟ್ ಮುಗಿದದ್ದು ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬರುತ್ತದೆಯೇ ಹೊರತು ಅದನ್ನು ನುಂಗುವವರ ಮನೆಗೆ ಯಾರೂ ಬಂದು ಹೇಳುವುದಿಲ್ಲ. ಇದು ನಿಜಕ್ಕೂ ಬೇಸರದ ಸಂಗತಿ.

ಗ್ಯಾಸ್ ಮಾತ್ರೆ. ಎರಡು ಬಗೆಯ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲೆಂದು ಪ್ಯಾಂಟೊಪ್ರಜೋಲ್ ಕೊಡುತ್ತಾರೆ. ಅದು ಬೇಕು. ಜೊತೆಗೆ ಸೇರಿಸಿದ ಡಾಮ್‌ಪೆರಿಡೋನ್ ವಾಕರಿಕೆಗೆ ಇರುವುದು, ಇವರಿಗೆ ವಾಕರಿಕೆ ಇರಲಿಲ್ಲ. ಡಾಮ್‌ಪೆರಿಡೋನ್ ಕೆಲವರಲ್ಲಿ ಹೃದಯ ಬಡಿತದ ಲಯ ಕೆಡಿಸಬಹುದಾದ್ದರಿಂದ ಹೃದ್ರೋಗಿಗಳಿಗೆ ಕಾರಣವಿಲ್ಲದೆ ಕೊಡದಿರುವುದೇ ಒಳ್ಳೆಯದು.

ಮಲ್ಟಿವಿಟಮಿನ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೊರತೆ ಇದೆ ಎಂದು ಪರೀಕ್ಷೆ ಹೇಳಿರಲಿಲ್ಲ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು, ಅದಕ್ಕೆ ಒಮ್ಮೆ ಪರೀಕ್ಷೆ ಮಾಡಿಸಿ ಬೇಕಿದ್ದರೆ ಬಿ12 ಮಾತ್ರ ತೆಗೆದುಕೊಂಡರೆ ಸಾಕು.

ವೈದ್ಯರ ಮುಂದೆ ಏನನ್ನು ಒಯ್ದರು

ತಜ್ಞರ ಕೊಠಡಿಯಲ್ಲಿ ಸಿಗುವುದು ನಾಲ್ಕೈದು ನಿಮಿಷ. ಅದನ್ನು ತಿಳಿದೇ ಮಗಳು ಒಂದು ಹಾಳೆ ಸಿದ್ಧಮಾಡಿದಳು. ಎಡಗಡೆ ಮಾತ್ರೆಯ ಮೂಲ ಹೆಸರು, ಪ್ರಮಾಣ, ಹೊತ್ತು; ಬಲಗಡೆ ತಿಂಗಳ ಖರ್ಚು, ಹೆಚ್ಚು ಖರ್ಚಿನದ್ದು ಮೇಲೆ. ಮೂಲ ಹೆಸರು ಸ್ಟ್ರಿಪ್ಪಿನ ಹಿಂಭಾಗದಲ್ಲಿ, ಬ್ರ್ಯಾಂಡ್ ಹೆಸರಿನ ಜೊತೆಗೇ ಅಚ್ಚಾಗಿರುತ್ತದೆ. ಬಿಡುಗಡೆ ಪತ್ರ, ಕೊನೆಯ ಎಕೋ (ಹೃದಯದ ಸ್ಕ್ಯಾನ್) ವರದಿ, ಶುಗರ್, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವುದು), ಪೊಟ್ಯಾಸಿಯಂ ವರದಿಗಳು ಒಂದು ಫೈಲಿನಲ್ಲಿ. ಆ ರಕ್ತಪರೀಕ್ಷೆಗಳನ್ನು ಮೊದಲೇ ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡಿದ್ದರು. ಇಲ್ಲದಿದ್ದರೆ ತಜ್ಞರು ಪರೀಕ್ಷೆ ಬರೆದುಕೊಟ್ಟು ಮತ್ತೆ ಬನ್ನಿ ಎನ್ನುತ್ತಾರೆ, ಇನ್ನೊಂದು ಸಲ ಮೈಸೂರಿಗೆ ಹೋಗಿಬರಬೇಕಾಗುತ್ತದೆ.

ಎರಡು ಹೊತ್ತಿನ ಮಾತ್ರೆಯನ್ನು ಒಂದು ಹೊತ್ತು ಮಾಡಿದ್ದನ್ನು ಮಗಳು ಮೊದಲೇ ಹೇಳಿಬಿಟ್ಟಳು. ಇದನ್ನು ಮುಚ್ಚಿಟ್ಟರೆ ಆಗುವ ತೊಂದರೆ ದೊಡ್ಡದು. ಮಾತ್ರೆ ಪೂರ್ತಿ ತೆಗೆದುಕೊಂಡರೂ ಊತ ಇಳಿದಿಲ್ಲ ಎಂದು ವೈದ್ಯರು ತಿಳಿದರೆ ಪ್ರಮಾಣ ಏರಿಸುತ್ತಾರೆ ಅಥವಾ ಹತ್ತನೆಯ ಮಾತ್ರೆ ಸೇರಿಸುತ್ತಾರೆ, ಬಿಲ್ ಇನ್ನೂ ಬೆಳೆಯುತ್ತದೆ.

ಕೇಳಿದ್ದು ಇಷ್ಟು: “ಸಾರ್, ತಿಂಗಳಿಗೆ ಇಷ್ಟು ಹಣ ನಮಗೆ ಆಗ್ತಿಲ್ಲ. ಇದರಲ್ಲಿ ಯಾವುದು ಇನ್ನೂ ಬೇಕು, ಯಾವುದನ್ನ ಬದಲಿಸಬಹುದು? ಕಂಪನಿ ಹೆಸರಿನ ಬದಲು ಔಷಧದ ಹೆಸರೇ ಬರೆದುಕೊಡ್ತೀರಾ?” ಸಂಕೋಚದಿಂದ ಈ ಮಾತನ್ನು ಆಡದೇ ಹೊರಬರುವವರೇ ಹೆಚ್ಚು. ರೋಗಿಗೆ ಕೊಳ್ಳಲಾಗದ ಮಾತ್ರೆಯನ್ನು ಬರೆದು ಪ್ರಯೋಜನವಿಲ್ಲ ಎಂಬುದು ವೈದ್ಯರಿಗೂ ಗೊತ್ತು. ಆದರೆ ಆಗುತ್ತಿಲ್ಲ ಎಂಬುದು ಹೇಳದೆ ಗೊತ್ತಾಗುವುದಿಲ್ಲ.

ಔಷಧದ ಹೆಸರು ಬರೆಸಿಕೊಳ್ಳುವುದಕ್ಕೆ ಕಾನೂನಿನ ಕಾರಣವೂ ಇದೆ. ಚೀಟಿಯಲ್ಲಿ ಒಂದು ಬ್ರ್ಯಾಂಡ್ ಬರೆದಿದ್ದರೆ ಅಂಗಡಿಯವರು ಅದೇ ಔಷಧದ ಬೇರೆ ಬ್ರ್ಯಾಂಡನ್ನು ತಾವಾಗಿ ಕೊಡುವಂತಿಲ್ಲ; 1945ರ ಔಷಧ ನಿಯಮಗಳ 65ನೇ ನಿಯಮದಲ್ಲಿ ಈ ನಿರ್ಬಂಧ ಇದೆ. ಮೂಲ ಹೆಸರು ಬರೆದಿದ್ದರೆ ಆ ಗೊಡವೆ ಇಲ್ಲ. ವೈದ್ಯರು ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ವೈದ್ಯಕೀಯ ನೀತಿಸಂಹಿತೆಯೂ ಹೇಳುತ್ತದೆ.

ತಜ್ಞರು ಮಾಡಿದ ಬದಲಾವಣೆ: ಟಿಕಾಗ್ರೆಲಾರ್ ನಿಲ್ಲಿಸಿ ಕ್ಲೊಪಿಡೊಗ್ರೆಲ್ 75 ದಿನಕ್ಕೆ ಒಂದು, ಆರು ತಿಂಗಳ ಮೇಲೆ ಮತ್ತೆ ನೋಡುವುದು. ಕೊನೆಯ ಟಿಕಾಗ್ರೆಲಾರ್ ಯಾವ ಹೊತ್ತಿಗೆ, ಮೊದಲ ಕ್ಲೊಪಿಡೊಗ್ರೆಲ್ ಯಾವ ಹೊತ್ತಿಗೆ, ಮೊದಲ ದಿನ ಎಷ್ಟು ಎಂಬುದನ್ನು ಬರೆದೇ ಕೊಟ್ಟರು. ಈ ಒಂದು ಸಾಲನ್ನು ಬಾಯಿಮಾತಿಗೆ ಬಿಡಬಾರದು. ಡಾಮ್‌ಪೆರಿಡೋನ್ ತೆಗೆದು ಬರೀ ಪ್ಯಾಂಟೊಪ್ರಜೋಲ್. ಮಲ್ಟಿವಿಟಮಿನ್ ಬಿಟ್ಟರು. ಉಳಿದವು ಹಾಗೆಯೇ, ಮೂಲ ಹೆಸರಿನಲ್ಲಿ. ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್ ಕಡ್ಡಾಯವಾಗಿ ಎರಡು ಹೊತ್ತು ಎಂದು ಕೆಳಗೆ ಗೆರೆ ಎಳೆದರು. ಎಂಪಾಗ್ಲಿಫ್ಲೋಜಿನ್ ಇವರಿಗೆ ಶುಗರಿಗೆ ಮಾತ್ರವಲ್ಲ, ಹೃದಯಕ್ಕೂ ಕೊಟ್ಟದ್ದು. ಶುಗರ್ ಹತೋಟಿಗೆ ಬಂತೆಂದು ಬಿಡಬಾರದು.

ಕೊಳ್ಳುವ ಜಾಗ

ಕೇಂದ್ರ ಸರ್ಕಾರದ ಯೋಜನೆಯಲ್ಲಿ ಮೂಲ ಹೆಸರಿನ ಔಷಧ ಮಾರುವ ಜನೌಷಧಿ ಕೇಂದ್ರಗಳಲ್ಲಿ ಎಲ್ಲ ಔಷಧ ಸಿಗುವುದಿಲ್ಲ, ಸಿಗುವುದು ಬಹಳ ಅಗ್ಗ. ಉದಾಹರಣೆಗೆ ಸಿಟಾಗ್ಲಿಪ್ಟಿನ್–ಮೆಟ್‌ಫಾರ್ಮಿನ್ 50/500 ಅನ್ನು 2022ರಲ್ಲಿ ಅಲ್ಲಿ 10 ಮಾತ್ರೆಗೆ 65 ರೂಪಾಯಿಗೆ ಬಿಡುಗಡೆ ಮಾಡಿದರು. ಹೊರಡುವ ಮೊದಲು ಫೋನಿನಲ್ಲಿ ಜನೌಷಧಿ ಸುಗಮ್ ಆ್ಯಪ್ ತೆರೆದು ಮೂಲ ಹೆಸರು ಹಾಕಿದರೆ ದರವೂ ಹತ್ತಿರದ ಕೇಂದ್ರವೂ ಕಾಣುತ್ತದೆ. ಆ್ಯಪಿನಲ್ಲಿ ಇರುವುದೆಲ್ಲ ಆ ದಿನ ಅಂಗಡಿಯಲ್ಲಿ ಇರುತ್ತದೆ ಎಂದಲ್ಲ. ಕೇಂದ್ರಕ್ಕೆ ಫೋನ್ ಮಾಡಿ ಕೇಳಿಕೊಂಡೇ ಬಸ್ ಹತ್ತಬೇಕು. ಇನ್ನೊಂದು ಎಚ್ಚರ: ಸರ್ಕಾರಿ ಆಸ್ಪತ್ರೆ ಆವರಣದೊಳಗಿನ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು ರಾಜ್ಯ ಸರ್ಕಾರ 2025ರ ಮೇನಲ್ಲಿ ಆದೇಶಿಸಿತು, ವಿಷಯ ಹೈಕೋರ್ಟಿಗೆ ಹೋಯಿತು. ಆಸ್ಪತ್ರೆ ಒಳಗಿನ ಕೇಂದ್ರವನ್ನೇ ನಂಬಿಕೊಂಡವರು ಊರೊಳಗಿನ ಇನ್ನೊಂದು ಕೇಂದ್ರದ ನಂಬರನ್ನೂ ಇಟ್ಟುಕೊಂಡಿರಲಿ.

ಈ ಮನೆಯಲ್ಲಿ ಮಾತ್ರೆ ತರಲು ಹಾಸನಕ್ಕೆ ಹೋಗುವುದು ರೈಟರ ಹೆಂಡತಿ. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್. ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಔಷಧ ಉಳಿತಾಯದ ಲೆಕ್ಕ ಹಾಕುವಾಗ ದಾರಿಖರ್ಚನ್ನು ಮರೆಯುವವರು ಬಹಳ ಮಂದಿ. ಇಲ್ಲಿ ಅದು ಸೊನ್ನೆಯಾಯಿತು.

ಅಲ್ಲಿನ ಜನೌಷಧಿ ಕೇಂದ್ರದಲ್ಲಿ ಸಿಗದಿದ್ದ ಎರಡು, ಅಂದರೆ ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್ ಮತ್ತು ಎಂಪಾಗ್ಲಿಫ್ಲೋಜಿನ್ ಅನ್ನು ಸಾಮಾನ್ಯ ಮೆಡಿಕಲ್ ಅಂಗಡಿಯಲ್ಲೇ ಕೊಂಡರು. ಕೇಳುವ ರೀತಿ ಬದಲಾಯಿತು. “ಅಣ್ಣ, ಎಷ್ಟು ಡಿಸ್ಕೌಂಟ್?” ಎಂದು ಕೇಳುತ್ತಿದ್ದವರು “ಅಣ್ಣ, ಇದೇ ಔಷಧ ಯಾವ ಯಾವ ಕಂಪನಿದು ಇದೆ, ಒಂದು ಮಾತ್ರೆಗೆ ಎಷ್ಟು ಬೀಳುತ್ತೆ?” ಎಂದು ಕೇಳಿದರು. ಸ್ಟ್ರಿಪ್ಪಿನಲ್ಲಿ 7, 10, 14, 15 ಎಂದು ಬೇರೆ ಬೇರೆ ಎಣಿಕೆ ಇರುವುದರಿಂದ ಒಂದು ಮಾತ್ರೆಯ ದರವನ್ನೇ ಹೋಲಿಸಬೇಕು.

ಇಲ್ಲೊಂದು ಬಲೆ ಇದೆ. ದೊಡ್ಡ ಬ್ರ್ಯಾಂಡ್ ಅಲ್ಲದ ಕೆಲವು ಜೆನೆರಿಕ್ ಸ್ಟ್ರಿಪ್‌ಗಳ ಮೇಲೆ ಎಂಆರ್‌ಪಿಯನ್ನು ಬಹಳ ಮೇಲಿಟ್ಟು ಅಚ್ಚು ಹಾಕಿರುತ್ತಾರೆ. ಅಂಗಡಿಗೆ ಅದು ಬೀಳುವುದು ಅದರ ಸಣ್ಣ ಪಾಲಿಗೆ. 120 ರೂಪಾಯಿಯ ಸ್ಟ್ರಿಪ್ಪಿಗೆ “ಅರ್ಧ ಬೆಲೆ” ಎಂದು 60 ತೆಗೆದುಕೊಂಡರೆ ಕೊಂಡವರಿಗೆ ಲಾಭವಾದಂತೆ ಕಾಣುತ್ತದೆ. ಅದೇ ಔಷಧ ಜನೌಷಧಿಯಲ್ಲಿ 20ಕ್ಕೆ ಇರಬಹುದು. ಡಿಸ್ಕೌಂಟಿನ ಪರ್ಸೆಂಟ್ ನೋಡಬೇಡಿ, ಕೊನೆಗೆ ಕೈಯಿಂದ ಹೋದ ಹಣವನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ ನೋಡಿ.

ಸರ್ಕಾರ ನಿಗದಿ ಮಾಡಿದ ಗರಿಷ್ಠ ಬೆಲೆಯನ್ನೂ ಹೀಗೇ ಎಚ್ಚರದಿಂದ ಓದಬೇಕು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮಿತಿ ಹಾಕುತ್ತದೆ. ಮಾರುಕಟ್ಟೆಯಲ್ಲಿ ಕನಿಷ್ಠ 1 ಪರ್ಸೆಂಟ್ ಪಾಲಿರುವ ಬ್ರ್ಯಾಂಡ್‌ಗಳ ಸರಾಸರಿ ದರಕ್ಕೆ ಚಿಲ್ಲರೆ ಅಂಗಡಿಯ 16 ಪರ್ಸೆಂಟ್ ಸೇರಿಸಿದರೆ ಆ ಮಿತಿ ಬರುತ್ತದೆ. ದುಬಾರಿ ಬ್ರ್ಯಾಂಡ್‌ಗಳೂ ಸೇರಿದ ಸರಾಸರಿ ಅದು, ಅಗ್ಗದ ದರವಲ್ಲ. ಫಾರ್ಮಾ ಸಹಿ ದಾಮ್ ಆ್ಯಪಿನಲ್ಲಿ ನೋಡಿ, ಮಿತಿಗಿಂತ ಹೆಚ್ಚು ತೆಗೆದುಕೊಂಡಿದ್ದರೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಳೆಯ ಬಿಲ್ ಜೊತೆ ಹೋಲಿಸುವಾಗ ಅದನ್ನೂ ನೆನಪಿಡಿ.

ಕೊಂಡದ್ದಕ್ಕೆಲ್ಲ ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಇರುವ ಬಿಲ್ ಬೇಕು. ಬಿಡಿ ಮಾತ್ರೆ ಕತ್ತರಿಸಿ ಕೊಟ್ಟರೆ ಅವಧಿ ಅಚ್ಚಾಗಿರುವ ತುದಿಯನ್ನೇ ಕೇಳಿ ಪಡೆಯಬೇಕು.

ಇಎಸ್‌ಐ: ಮನೆಯಲ್ಲೇ ಇದ್ದು ಕಾಣದಿದ್ದದ್ದು

ಮಗಳ ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ 0.75 ಪರ್ಸೆಂಟ್ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಕಡಿತವಾಗುತ್ತಿತ್ತು, ಮಾಲೀಕರು 3.25 ಪರ್ಸೆಂಟ್ ಸೇರಿಸುತ್ತಿದ್ದರು. ತಿಂಗಳ ಸಂಬಳ 21,000 ರೂಪಾಯಿವರೆಗಿನವರಿಗೆ ಇದು ಅನ್ವಯ. ತನಗೆ ಜ್ವರ ಬಂದರೆ ಮಾತ್ರ ಅದು ಎಂದು ಮಗಳು ತಿಳಿದಿದ್ದಳು. ಅವಲಂಬಿತ ತಂದೆತಾಯಿಗೂ ವೈದ್ಯಕೀಯ ಸೌಲಭ್ಯ ಇದೆ. ಅವರ ಎಲ್ಲ ಮೂಲಗಳ ಆದಾಯ ತಿಂಗಳಿಗೆ 9,000 ರೂಪಾಯಿ ಮೀರಿರಬಾರದು. ರೈಟರ ಪಿಂಚಣಿ 2,800. ಹಾಸನದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳ ಮನೆಗಳಲ್ಲಿ ಈ ಒಂದು ಸಂಗತಿ ಗೊತ್ತಿದ್ದರೆ ಎಷ್ಟೋ ಸಾಲ ತಪ್ಪೀತು.

ಮಾಡಬೇಕಾದ್ದು: ಫ್ಯಾಕ್ಟರಿಯ ಎಚ್‌ಆರ್ ವಿಭಾಗದಲ್ಲಿ ತಂದೆತಾಯಿಯ ಆಧಾರ್, ಫೋಟೊ, ಅವಲಂಬಿತರೆಂಬ ವಿವರ ಕೊಟ್ಟು ಇಎಸ್‌ಐ ದಾಖಲೆಯಲ್ಲಿ ಅವರ ಹೆಸರು ಸೇರಿಸುವುದು, ಇ–ಪೆಹಚಾನ್ ಕಾರ್ಡನ್ನು ಮತ್ತೆ ಪ್ರಿಂಟ್ ತೆಗೆಸಿ ಹೆಸರು ಬಂದಿದೆಯೇ ನೋಡುವುದು, ಅದರಲ್ಲಿ ನಮೂದಾದ ಡಿಸ್ಪೆನ್ಸರಿಗೆ ತಜ್ಞರ ಚೀಟಿ, ಬಿಡುಗಡೆ ಪತ್ರದೊಂದಿಗೆ ಹೋಗುವುದು. ಇಲ್ಲಿ ತಡವಾದದ್ದು ಹೆಸರಿನಿಂದ: ಆಧಾರಿನಲ್ಲಿ ರೈಟರ ಹೆಸರಿನ ಮುಂದೆ ಊರಿನ ಇನಿಷಿಯಲ್ ಇತ್ತು, ಮಗಳ ದಾಖಲೆಯಲ್ಲಿ ತಂದೆಯ ಹೆಸರು ಇನಿಷಿಯಲ್ ಇಲ್ಲದೆ ಇತ್ತು. ಎರಡನ್ನೂ ಒಂದೇ ಮಾಡಿಸಿದ ಮೇಲೆ ಕೆಲಸ ಆಯಿತು.

ಡಿಸ್ಪೆನ್ಸರಿಯಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಮೆಟೊಪ್ರೊಲಾಲ್, ಪ್ಯಾಂಟೊಪ್ರಜೋಲ್, ಸ್ಟಾಟಿನ್ ಸಿಕ್ಕವು. ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್ ಸ್ಟಾಕಿನಲ್ಲಿ ಇರಲಿಲ್ಲ. ತಜ್ಞರ ಚೀಟಿಯ ಆಧಾರದ ಮೇಲೆ ವೈದ್ಯಾಧಿಕಾರಿ ಬೇಡಿಕೆ ಬರೆದರು, ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ಇಲ್ಲ. ಬರದ ತಿಂಗಳಿಗೆ ಅಂಗಡಿಯಲ್ಲಿ ಕೊಳ್ಳುವ ಹಣವನ್ನು ಮೊದಲೇ ತೆಗೆದಿಡುತ್ತಾರೆ. ಸರ್ಕಾರಿ ಸ್ಟಾಕ್ ಬರುವ ದಿನಕ್ಕೆ ಕಾಯುತ್ತ ಹೃದಯದ ಮಾತ್ರೆ ನಿಲ್ಲಿಸಬಾರದು.

ಮಗಳ ಸಂಬಳ 21,000 ದಾಟಿದರೆ ಮರುದಿನವೇ ಸೌಲಭ್ಯ ಹೋಗುವುದಿಲ್ಲ. ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂಬ ಎರಡು ಅವಧಿಗಳಲ್ಲಿ ನಡೆಯುತ್ತಿರುವ ಅವಧಿ ಮುಗಿಯುವವರೆಗೆ ಕಡಿತ ಮುಂದುವರಿಯುತ್ತದೆ.

ಇಎಸ್‌ಐ ಇಲ್ಲದ ಮನೆಗಳಿಗೆ ಇದರ ಬದಲಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ದೀರ್ಘಕಾಲದ ಕಾಯಿಲೆಗಳ ಎನ್‌ಸಿಡಿ ಕ್ಲಿನಿಕ್ ಇದೆ. ಬಿಪಿ, ಶುಗರಿನ ಸಾಮಾನ್ಯ ಮಾತ್ರೆಗಳನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. ಅಲ್ಲಿ ಸಿಗುವ ಸ್ಟಾಟಿನ್ ಸಾಮಾನ್ಯವಾಗಿ ಅಟೊರ್ವಾಸ್ಟಾಟಿನ್. ರೋಸುವಾಸ್ಟಾಟಿನ್‌ನಿಂದ ಅದಕ್ಕೆ ಬದಲಿಸಬಹುದೇ, ಯಾವ ಪ್ರಮಾಣ ಎಂದು ತಜ್ಞರನ್ನೇ ಕೇಳಬೇಕು, ಬದಲಿಸಿದರೆ ಎರಡು–ಮೂರು ತಿಂಗಳಲ್ಲಿ ಕೊಬ್ಬಿನ ಪರೀಕ್ಷೆ ಮಾಡಿಸಬೇಕು. ಯಶಸ್ವಿನಿ, ಮುಖ್ಯಮಂತ್ರಿ ಪರಿಹಾರ ನಿಧಿ ಇವೆರಡೂ ಆಸ್ಪತ್ರೆಯ ದೊಡ್ಡ ಬಿಲ್ಲಿಗೆ ಉಪಯೋಗ. ತಿಂಗಳ ಮಾತ್ರೆಗೆ ಅವುಗಳ ಹಿಂದೆ ಅಲೆದು ಸಮಯ ಕಳೆಯುವುದು ಬೇಡ. ಆದಾಯ ತೆರಿಗೆ ಕಟ್ಟುವ ಮಕ್ಕಳಿದ್ದು, 60 ದಾಟಿದ ತಂದೆತಾಯಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಅವರ ಔಷಧದ ಖರ್ಚಿಗೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಇದೆ. ಹಣವನ್ನು ನಗದಾಗಿ ಕೊಟ್ಟಿರಬಾರದು.

ಬದಲಾವಣೆಯ ಮೊದಲ ತಿಂಗಳು ಆದ ಎಡವಟ್ಟು

ಹೊಸ ಮಾತ್ರೆ ಬಂದ ಎರಡನೆಯ ವಾರ ರೈಟರಿಗೆ ಎದ್ದು ನಿಂತರೆ ತಲೆ ಸುತ್ತತೊಡಗಿತು. ನಾಡಿ ನಿಮಿಷಕ್ಕೆ 48. ಕಾರಣ ಡಬ್ಬಿಯಲ್ಲೇ ಇತ್ತು. ಹಳೆಯ ಬ್ರ್ಯಾಂಡಿನ ಮೆಟೊಪ್ರೊಲಾಲ್ ಸ್ಟ್ರಿಪ್ ಒಂದು ಉಳಿದಿತ್ತು, ಜನೌಷಧಿಯ ಮೆಟೊಪ್ರೊಲಾಲ್ ಬೇರೆ ಬಣ್ಣದ ಬೇರೆ ಹೆಸರಿನ ಸ್ಟ್ರಿಪ್. ಎರಡೂ ಬೇರೆ ಮಾತ್ರೆಗಳೆಂದು ತಿಳಿದು ಎರಡನ್ನೂ ನುಂಗುತ್ತಿದ್ದರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ವೈದ್ಯರು ಹೇಳಿದಂತೆ ಪ್ರಮಾಣ ಸರಿಪಡಿಸಿದ ಮೇಲೆ ಸುಧಾರಿಸಿತು. ಅಗ್ಗದ ಮಾತ್ರೆ ಆಗಿಬರಲಿಲ್ಲ ಎಂದು ಮನೆಯವರು ಹಳೆಯದಕ್ಕೇ ಮರಳಲು ಹೊರಟಿದ್ದರು. ಔಷಧದಲ್ಲಿ ದೋಷವಿರಲಿಲ್ಲ, ಪ್ರಮಾಣ ಎರಡರಷ್ಟಾಗಿತ್ತು.

ಅಂದಿನಿಂದ ಹೊಸ ಸ್ಟ್ರಿಪ್ ಡಬ್ಬಿಗೆ ಬರುವ ಮೊದಲು ಅದೇ ಔಷಧದ ಹಳೆಯದು ಖಾಲಿಯಾಗಿರಬೇಕು ಅಥವಾ ಬೇರೆ ಕಡೆ ಹೋಗಿರಬೇಕು. ಪ್ರತಿ ಸ್ಟ್ರಿಪ್ಪಿನ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ “ಹೃದಯ ಬಡಿತ, ಬೆಳಿಗ್ಗೆ 1”, “ಶುಗರ್, ಊಟದ ಜೊತೆ ಬೆಳಿಗ್ಗೆ 1 ರಾತ್ರಿ 1” ಎಂದು ಬರೆಯುತ್ತಾರೆ.

ಇದೇ ಬಗೆಯ ಇನ್ನೂ ಕೆಲವು ಅಪಾಯಗಳನ್ನು ಈ ಚೀಟಿ ಇರುವವರೆಲ್ಲ ತಿಳಿದಿರಬೇಕು. ಮೆಟೊಪ್ರೊಲಾಲ್ ಸಕ್ಸಿನೇಟ್ ಇಆರ್ ದಿನಪೂರ್ತಿ ನಿಧಾನವಾಗಿ ಬಿಡುಗಡೆಯಾಗುವಂಥದ್ದು, ಮೆಟೊಪ್ರೊಲಾಲ್ ಟಾರ್ಟ್ರೇಟ್ ಹಾಗಲ್ಲ. ಒಂದರ ಬದಲು ಇನ್ನೊಂದು ತರಬಾರದು, ಇಆರ್ ಮಾತ್ರೆಯನ್ನು ಪುಡಿಮಾಡಬಾರದು. ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್‌ನಲ್ಲಿ ಕೆಲವು ಸ್ಟ್ರಿಪ್ 50 ಎಂದೂ ಕೆಲವು 24/26 ಎಂದೂ ಬರೆದಿರುತ್ತವೆ, ಎರಡೂ ಒಂದೇ; 100 ಎಂದರೆ 49/51, 200 ಎಂದರೆ 97/103. ಮನೆಯಲ್ಲಿ ಹಳೆಯ ಬಿಪಿ ಮಾತ್ರೆಗಳಾದ ರಾಮಿಪ್ರಿಲ್ ಅಥವಾ ಎನಾಲಾಪ್ರಿಲ್ ಸ್ಟ್ರಿಪ್ ಉಳಿದಿದ್ದರೆ ಕೂಡಲೇ ತೆಗೆದುಹಾಕಬೇಕು. ಅವುಗಳಿಗೂ ಸ್ಯಾಕ್ಯುಬಿಟ್ರಿಲ್‌ಗೂ ಕನಿಷ್ಠ 36 ಗಂಟೆಯ ಅಂತರ ಬೇಕು. ಕೂಡಿದರೆ ಮುಖ, ನಾಲಿಗೆ, ಗಂಟಲು ಊದಿ ಉಸಿರು ಕಟ್ಟಬಹುದು. ಬಿಪಿಯ ಟೆಲ್ಮಿಸಾರ್ಟಾನ್ ಕೂಡ ಜೊತೆಗೆ ಬೇಡ, ವಾಲ್ಸಾರ್ಟಾನ್ ಅದೇ ಗುಂಪಿನದು. ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಅಗ್ಗವೆಂದು ಒಮೆಪ್ರಜೋಲ್ ಗ್ಯಾಸ್ ಮಾತ್ರೆ ಕೊಟ್ಟರೆ ಒಪ್ಪಬಾರದು, ಅದು ಕ್ಲೊಪಿಡೊಗ್ರೆಲ್‌ನ ಕೆಲಸವನ್ನು ಕುಗ್ಗಿಸುತ್ತದೆ. ಪ್ಯಾಂಟೊಪ್ರಜೋಲ್ ಎಂದೇ ಕೇಳಬೇಕು.

ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ, ವಾರ್ಫರಿನ್, ಅಂಗಾಂಗ ಕಸಿಯ ನಂತರದ ಮಾತ್ರೆಗಳ ವಿಷಯವೇ ಬೇರೆ. ಅವುಗಳಲ್ಲಿ ಕಂಪನಿ ಬದಲಿಸಿದರೆ ರಕ್ತದಲ್ಲಿನ ಪ್ರಮಾಣ ಸ್ವಲ್ಪ ಏರುಪೇರಾದರೂ ತೊಂದರೆ. ವೈದ್ಯರಿಗೆ ಹೇಳಿಯೇ ಬದಲಿಸಿ, ಪರೀಕ್ಷೆ ಮಾಡಿಸಿ, ಆಮೇಲೆ ಅದೇ ತಯಾರಿಕೆಯಲ್ಲಿ ಉಳಿಯಬೇಕು. ಪ್ರತಿ ತಿಂಗಳೂ ಅಗ್ಗವಾದದ್ದನ್ನು ಹುಡುಕುವುದು ಸಲ್ಲದು.

ಮಳೆಗಾಲದ ದಾಸ್ತಾನು

ಜುಲೈನಲ್ಲಿ ಮರ ಬಿದ್ದು ರಸ್ತೆ ಕಟ್ಟಿ, ಕರೆಂಟೂ ಫೋನೂ ಇಲ್ಲದ ದಿನಗಳು ಈ ಭಾಗಕ್ಕೆ ಹೊಸದಲ್ಲ. ಜೂನ್ ಮೊದಲ ವಾರದೊಳಗೆ ಮನೆಯಲ್ಲಿ 45 ದಿನದ ಮಾತ್ರೆ ಇರುವಂತೆ ನೋಡಿಕೊಳ್ಳುತ್ತಾರೆ. ಉಳಿದ ತಿಂಗಳಲ್ಲಿ 15 ದಿನದ್ದು ಉಳಿದಾಗ ಜನೌಷಧಿಗೆ ಫೋನ್. ಅವಧಿ ಕನಿಷ್ಠ 6 ತಿಂಗಳಾದರೂ ಇರುವ ಸ್ಟ್ರಿಪ್ ಕೇಳುತ್ತಾರೆ. ಮಲೆನಾಡಿನ ಥಂಡಿಗೆ ಮಾತ್ರೆ ಬಿಚ್ಚಿಟ್ಟರೆ ಮೆತ್ತಗಾಗುತ್ತದೆ. ವಾರದ ಡಬ್ಬಿಗೆ ಮುಂಚೆಯೇ ಬಿಡಿಸಿ ಹಾಕದೆ, ಸ್ಟ್ರಿಪ್‌ಗಳನ್ನೇ ಬಿಗಿ ಮುಚ್ಚಳದ ಡಬ್ಬದಲ್ಲಿ, ಒಲೆಯಿಂದಲೂ ಗೋಡೆಯ ತೇವದಿಂದಲೂ ದೂರ ಇಡುತ್ತಾರೆ.

ಹೊಸ ಲೆಕ್ಕ

ಎಲ್ಲವನ್ನೂ ಕೊಂಡರೆ 30 ದಿನಕ್ಕೆ: ಆಸ್ಪಿರಿನ್ 12, ಕ್ಲೊಪಿಡೊಗ್ರೆಲ್ 60, ರೋಸುವಾಸ್ಟಾಟಿನ್ 120, ಮೆಟೊಪ್ರೊಲಾಲ್ ಇಆರ್ 60, ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್ 60 ಮಾತ್ರೆಗೆ ತಲಾ 16ರಂತೆ 960, ಎಂಪಾಗ್ಲಿಫ್ಲೋಜಿನ್ ತಲಾ 8ರಂತೆ 240, ಸಿಟಾಗ್ಲಿಪ್ಟಿನ್–ಮೆಟ್‌ಫಾರ್ಮಿನ್ 390, ಪ್ಯಾಂಟೊಪ್ರಜೋಲ್ 60. ಒಟ್ಟು 1,902 ರೂಪಾಯಿ. ಡಿಸ್ಪೆನ್ಸರಿಯಲ್ಲಿ ಐದು ಮಾತ್ರೆ ಸಿಕ್ಕ ತಿಂಗಳು 1,590. ಸ್ಯಾಕ್ಯುಬಿಟ್ರಿಲ್ ಕೂಡ ಬಂದ ತಿಂಗಳು 630.

ಇಳಿದ 7,290 ರೂಪಾಯಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೂರು ಪಾಲು ಟಿಕಾಗ್ರೆಲಾರ್, ಎಂಪಾಗ್ಲಿಫ್ಲೋಜಿನ್, ಸ್ಯಾಕ್ಯುಬಿಟ್ರಿಲ್‌ನಿಂದ ಬಂದದ್ದು: 1,620, 1,500, 1,560. ಈ ಮೂರೇ 4,680. ಯಾವ ಅಂಗಡಿಯ ಡಿಸ್ಕೌಂಟೂ ಇಷ್ಟನ್ನು ಕೊಡಲಾರದು.

ಮುಂದಿನದ್ದು ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ. ಆರು ತಿಂಗಳಿಗೆ ಮೈಸೂರಿನ ಭೇಟಿ: ಕ್ಲೊಪಿಡೊಗ್ರೆಲ್ ಮುಂದುವರಿಯಬೇಕೇ, ಅದು ನಿಂತರೆ ಪ್ಯಾಂಟೊಪ್ರಜೋಲ್ ಇನ್ನೂ ಬೇಕೇ ಎಂದು ಕೇಳುವುದು. ವರ್ಷಕ್ಕೊಮ್ಮೆ ಪ್ರತಿ ಮಾತ್ರೆಯ ಮೂಲ ಹೆಸರನ್ನು ಜನೌಷಧಿ ಆ್ಯಪಿನಲ್ಲಿ ಮತ್ತೆ ಹುಡುಕುವುದು; ಈಗ ಕೇಂದ್ರದಲ್ಲಿ ಸಿಗದಿದ್ದ ಎರಡು ಮಾತ್ರೆ ಮುಂದೆ ಸಿಗಬಹುದು.